ಮೊಳ ಹೂವು, ಮಾರು ಲ್ಯಾಟಿನ್

ಗೊತ್ತಿರುವ ವಿಷಯಕ್ಕೆ ಜಂಬ ಪಡುವುದು ದೊಡ್ಡ ಮಾತಲ್ಲ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಗೊತ್ತಿಲ್ಲದ ವಿಷಯಕ್ಕೆ ಜಂಬ ಪಡಲು ಗುಂಡಿಗೆ ಬೇಕು. ನನಗೆ ಇಂಗ್ಲಿಷ್ ಬರುವುದಿಲ್ಲ. ಬಸ್ಸನ್ನು ನಂಬರಿನಿಂದ ಗುರುತಿಸುತ್ತೇನೆ, ಮಾತ್ರೆಯನ್ನು ಬಣ್ಣದಿಂದ ಗುರುತಿಸುತ್ತೇನೆ. ಆದರೆ ಇಂಗ್ಲಿಷ್ ಪದಗಳ ತಲೆ, ಅಂದರೆ ಮೊದಲ ತುಂಡು, ಯಾವ ಊರಿನಿಂದ ಬಂದದ್ದು, ಅದಕ್ಕೆ ಅರ್ಥವೇನು ಎಂದು ಕೇಳಿ ನೋಡಿ, ಕೂತಲ್ಲೇ ಇಪ್ಪತ್ತಮೂರನ್ನು ಹೇಳುತ್ತೇನೆ. ಹಲಸೂರಿನ ಹೂವಿನವರ ಸಾಲಿನಲ್ಲಿ ಇಷ್ಟು ಲ್ಯಾಟಿನ್ ಬಲ್ಲವಳು ನಾನೊಬ್ಬಳೇ. ಪಕ್ಕದ ಬುಟ್ಟಿಯವಳಿಗೆ ಅದು ತಿನ್ನುವ ವಸ್ತುವೋ ಉಡುವ ವಸ್ತುವೋ ಅದೂ ತಿಳಿಯದು. ಓದಿನ ವಿಚಾರ ಕೇಳಿದವರಿಗೆ ನಾಲ್ಕನೇ ಕ್ಲಾಸು ಎನ್ನುತ್ತೇನೆ. ಸೇರಿದ್ದು ನಿಜ, ಮುಗಿಸಿದೆನೋ ಇಲ್ಲವೋ ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಇದನ್ನು ಬರೆಯುವಾಗಲೂ ಒತ್ತಕ್ಷರ ಎದುರಾದರೆ ಪೆನ್ನು ನಿಂತುಬಿಡುತ್ತದೆ. ಇರಲಿ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ, ನಿಮಗೂ ಸ್ವಲ್ಪ ಕೆಲಸ ಇರಲಿ.

ಲ್ಯಾಟಿನ್ ನನ್ನ ತಲೆಗೆ ಹತ್ತಿದ್ದು ಮೊಮ್ಮಗಳು ಶ್ಯಾಮಲಾಳ ದೆಸೆಯಿಂದ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಹತ್ತನೇ ಕ್ಲಾಸಿನಲ್ಲಿ ಅವಳು ಲೆಕ್ಕ, ವಿಜ್ಞಾನ, ಸಮಾಜ ಎಲ್ಲದರಲ್ಲೂ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ನಪಾಸಾದಳು. ಅವಳಿಗೆ ಪಿಯುಸಿ ಓದಿ ನರ್ಸ್ ಆಗಬೇಕೆಂಬ ಹುಚ್ಚು. ಗೊಂಬೆಗೆಲ್ಲ ಸೂಜಿ ಚುಚ್ಚಿ ಮುಗಿಸಿದ್ದಳು, ಮನುಷ್ಯರೊಂದೇ ಬಾಕಿ. ಅವಳ ತಾಯಿ, ಅಂದರೆ ನನ್ನ ಸೊಸೆ ರತ್ನ, ಕೆ.ಆರ್. ಪುರದ ಕಡೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಜಾ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಫಲಿತಾಂಶ ಬಂದ ಸಂಜೆಯೇ ತೀರ್ಪು ಕೊಟ್ಟುಬಿಟ್ಟಳು. "ಸಪ್ಲಿಮೆಂಟರಿ ಕಟ್ಟಲಿ, ಬೇಡ ಅನ್ನಲ್ಲ. ಅದ್ರಲ್ಲೂ ಹೋದ್ರೆ ಮುಗೀತು. ನಮ್ ಸೂಪರ್‌ವೈಸರ್ ಹತ್ರ ಮಾತಾಡಿದ್ದೀನಿ, ಹೆಲ್ಪರ್ ಕೆಲ್ಸ ಕೊಡ್ತಾರಂತೆ. ನನ್ ಜೊತೆ ಬಸ್ ಹತ್ತಿ ಬರ್ಲಿ." ರತ್ನ ಕೆಟ್ಟವಳಲ್ಲ. ಬಸ್ಸಿನಲ್ಲಿ ನಿಂತು ಹೋಗಿ, ದಿನವಿಡೀ ಮೆಷಿನ್ ಮುಂದೆ ಬಗ್ಗಿ ಕೂತು, ಮತ್ತೆ ನಿಂತೇ ಬರುವವಳಿಗೆ ಮಗಳ ಆಸೆ ಹಣ್ಣಾಗುವವರೆಗೆ ಕಾಯುವ ವ್ಯವಧಾನ ಇರುವುದಿಲ್ಲ. ನನ್ನ ಮಗ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಅವನು ಹುಟ್ಟಿದಾಗಿನಿಂದ ಅಷ್ಟೇ ಮಾಡುತ್ತಿದ್ದಾನೆ. ಶ್ಯಾಮಲಾ ಮೂಲೆಯಲ್ಲಿ ಕೂತು ಮೂಗು ಸೊರಸೊರ ಎನ್ನಿಸುತ್ತಿದ್ದಳು. "ಅಳೋದನ್ನ ಪರೀಕ್ಷೆಲಿ ಕೇಳಲ್ಲ, ಎದ್ದು ಮುಖ ತೊಳಿ," ಎಂದೆ.

ಟ್ಯೂಷನ್ನಿಗೆ ನಾನು ಹಿಡಿದದ್ದು ಕಾಕ್ಸ್ ಟೌನಿನ ಡೊರೀನ್ ಮಿಸ್ಸನ್ನು. ಯಾವುದೋ ಕಾನ್ವೆಂಟಿನಲ್ಲಿ ಪಾಠ ಮಾಡಿ ರಿಟೈರಾದವರು. ಗಂಡನ ಸಮಾಧಿಗೆಂದು ಪ್ರತಿ ಶನಿವಾರ ನನ್ನ ಬಳಿ ಬಿಳಿ ಸೇವಂತಿಗೆ ಒಯ್ಯುತ್ತಿದ್ದರು. ತಮಿಳು, ಕನ್ನಡ, ಇಂಗ್ಲಿಷ್ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವರು. ನನ್ನನ್ನು ಹೂವಿನವಳು ಎನ್ನುವ ಅರ್ಥದಲ್ಲಿ ತಮಿಳಿನಲ್ಲಿ ಪೂಕ್ಕಾರಮ್ಮ ಎಂದೇ ಕರೆಯುತ್ತಿದ್ದರು. "ಕಳಿಸು ಪೂಕ್ಕಾರಮ್ಮ, ಒಂದು ತಿಂಗಳು ಡೈಲಿ ನಾಲ್ಕು ಗಂಟೆಗೆ ಬರ್ಲಿ," ಎಂದರು. ಕಳಿಸಿದೆ. ಮೊದಲ ವಾರ ಮಿಸ್ಸು ಬಂದು, "ಎಲ್ಲಿ ಆ ಗರ್ಲ್? ಫೋರ್ ಡೇಸ್ ಕಾಣ್ಲೇ ಇಲ್ಲ!" ಎಂದಾಗ ನನ್ನ ಕೈಯ ನಾರು ತುಂಡಾಯಿತು. ವಿಚಾರಿಸಿದರೆ ನಮ್ಮ ರಾಣಿ ಟ್ಯೂಷನ್ ದಾಟಿಕೊಂಡು ಗೆಳತಿಯ ಜೊತೆ ಕಮ್ಮನಹಳ್ಳಿ ಮೇನ್ ರೋಡಿಗೆ ಹೋಗಿ ಗೋಬಿ ಮಂಚೂರಿ ತಿನ್ನುತ್ತಿದ್ದಳು. ಮರುದಿನದಿಂದ ನಾನೇ ಬುಟ್ಟಿ ಹೊತ್ತು ಅವಳ ಹಿಂದೆ ಹೊರಟೆ. ಅವಳು ಒಳಗೆ ಮೇಜಿನ ಮುಂದೆ, ನಾನು ಹೊರಗೆ ಕೆಂಪು ನೆಲದ ವರಾಂಡದಲ್ಲಿ. ಅವಳು ಓದಬೇಕು, ನಾನು ಹೂವು ಕಟ್ಟಬೇಕು. ನಡುವೆ ಬಾಗಿಲು ತೆರೆದಿರಬೇಕು, ಯಾಕೆಂದರೆ ಅವಳು ತೂಕಡಿಸಿದರೆ ಕೆಮ್ಮುವ ಕೆಲಸವೂ ನನ್ನದೇ.

ಕೈಗೆ ಕೆಲಸವಿದ್ದಾಗ ಕಿವಿ ಖಾಲಿ ಇರುತ್ತದೆ. ಮಿಸ್ಸು ಹೇಳುವುದೆಲ್ಲ ಸಲೀಸಾಗಿ ಒಳಗೆ ಬಂದು ಕೂರತೊಡಗಿತು. ಇಂಗ್ಲಿಷಿನ ದೊಡ್ಡ ಪದಗಳಿಗೆ ಹೆದರಬಾರದಂತೆ, ಅವುಗಳ ತಲೆ ಹಿಡಿದರೆ ಮೈ ತಾನಾಗಿ ಬರುತ್ತದಂತೆ. ಆ ತಲೆಗಳು ಬಹಳಷ್ಟು ಇಂಗ್ಲಿಷಿನವಲ್ಲವಂತೆ, ರೋಮಿನ ಹಳೆಯ ಭಾಷೆಯಾದ ಲ್ಯಾಟಿನ್ನಿನವಂತೆ. ಈಗ ಅದನ್ನು ಯಾರ ಮನೆಯಲ್ಲೂ ಆಡುವುದಿಲ್ಲ. ಮಿಸ್ಸು ಚಿಕ್ಕವರಿದ್ದಾಗ ಚರ್ಚಿನಲ್ಲಿ ಪೂಜೆಯೆಲ್ಲ ಅದರಲ್ಲೇ ನಡೆಯುತ್ತಿತ್ತಂತೆ. "ಅರ್ಥ ಆಗ್ತಿತ್ತಾ ಮಿಸ್ಸು?" ಎಂದು ವರಾಂಡದಿಂದಲೇ ಕೇಳಿದೆ. "ಮಂಡಿ ನೋಯ್ತಿತ್ತು, ಅಷ್ಟೇ ಅರ್ಥ ಆಗ್ತಿತ್ತು," ಎಂದರು. ನಮ್ಮ ಸಂಸ್ಕೃತದ ಕಥೆಯೂ ಇದೇ ಅಲ್ಲವೇ ಎಂದುಕೊಂಡೆ. ಆ ದಿನದಿಂದ ಲ್ಯಾಟಿನ್ ನಮ್ಮ ಕಡೆಯದೇ ಅನ್ನಿಸಿಬಿಟ್ಟಿತು.

ಮೊದಲು ಕಲಿತದ್ದು ‘ಸಬ್’. ಸಬ್ ಎಂದರೆ ಕೆಳಗೆ. ನೀರಿನ ಕೆಳಗೆ ಹೋಗುವ ಹಡಗು ಸಬ್‌ಮರೀನು, ರಸ್ತೆಯ ಕೆಳಗೆ ಹೋಗುವ ದಾರಿ ಸಬ್‌ವೇ. ಇಷ್ಟು ತಿಳಿದ ಮೇಲೆ ಸುಮ್ಮನಿರುವುದು ಹೇಗೆ? ಎರಡೇ ದಿನಕ್ಕೆ, ಬುಟ್ಟಿಯನ್ನು ಫುಟ್‌ಪಾತಿನಿಂದ ಒಳಕ್ಕೆ ಸರಿಸು ಎಂದ ಸಬ್ ಇನ್ಸ್‌ಪೆಕ್ಟರಿಗೆ, "ಸಬ್ ಅಂದ್ರೆ ಕೆಳಗಿನೋರು ಸ್ವಾಮಿ, ಮೇಲಿನೋರು ಬಂದು ಹೇಳ್ಲಿ, ಸರಿಸ್ತೀನಿ," ಎಂದುಬಿಟ್ಟೆ. ಆ ಹುಡುಗ ಒಳ್ಳೆಯವನು. "ಯಾರಜ್ಜಿ ನಿಂಗೆ ಇದನ್ನ ಹೇಳ್ಕೊಟ್ಟೋರು? ನಮ್ ಮನೆಯವಳು ದಿನಾ ಇದನ್ನೇ ಹೇಳ್ತಾಳೆ," ಎಂದು ನಕ್ಕು ತಾನೇ ಬುಟ್ಟಿಯನ್ನು ಎತ್ತಿ ಒಳಗಿಟ್ಟು ಹೋದ. ‘ಎಕ್ಸ್’ ಎಂದರೆ ಹೊರಗೆ. ಸಾಮಾನು ಹೊರಗೆ ಕಳಿಸಿದರೆ ಎಕ್ಸ್‌ಪೋರ್ಟು. ನಮ್ಮ ಬೀದಿಯ ಕೊನೆಯ ಮನೆಯ ಗೇಟಿನಲ್ಲಿ ಎಕ್ಸ್ ಸರ್ವಿಸ್‌ಮನ್ ಎಂದು ಬೋರ್ಡಿದೆ. ಇಷ್ಟು ವರ್ಷ ಅದು ಮಿಲಿಟರಿಯಲ್ಲಿ ಬಹಳ ಮೇಲಿನ ಹುದ್ದೆ ಎಂದು ನಂಬಿ ಅವರಿಗೆ ಮೊಳದ ಮೇಲೆ ಒಂದು ಗೇಣು ಹೆಚ್ಚೇ ಅಳೆದಿದ್ದೇನೆ. ಕೆಲಸದಿಂದ ಹೊರಗೆ ಬಂದವರು ಎಂದಷ್ಟೇ ಅರ್ಥವಂತೆ. ಗೇಣನ್ನು ನಿಲ್ಲಿಸಿದೆ. ‘ಇಂಟರ್’ ಎಂದರೆ ನಡುವೆ. ಸಿನಿಮಾದ ಇಂಟರ್ವಲ್ಲು ಅಲ್ಲಿಂದಲೇ. ಮೂಲದಲ್ಲಿ ಎರಡು ಕೋಟೆಗೋಡೆಗಳ ನಡುವಿನ ಜಾಗಕ್ಕೆ ಆ ಹೆಸರಂತೆ. ನಾನು ಆ ಜಾಗದಲ್ಲಿ ಕಡಲೆಕಾಯಿ ತಿಂದವಳು ಎಂಬ ಹೆಮ್ಮೆ ಆಗಲೇ ಬಂದದ್ದು. ಇನ್ನು ‘ಕಾಂ’ ಎಂದರೆ ಜೊತೆಯಲ್ಲಿ. ಕಂಪನಿ ಎಂದರೆ ಜೊತೆಯಲ್ಲಿ ಕೂತು ರೊಟ್ಟಿ ತಿನ್ನುವವರು ಎಂದು ಮಿಸ್ಸು ಹೇಳಿದಾಗ ಪಕ್ಕದ ಬೇಕರಿಯಿಂದ ಬನ್ನಿನ ವಾಸನೆ ಬರುತ್ತಿತ್ತು. ಸಂಜೆ ರತ್ನಳಿಗೆ ಹೇಳಿದೆ. "ನಮ್ ಕಂಪನಿಲಿ ಜೊತೆಲಿ ಕೂತು ತಿನ್ನೋಕ್ಕೆ ಟೈಮೇ ಕೊಡಲ್ಲ ಅತ್ತೆ, ಆ ರೋಮ್‌ನೋರಿಗೆ ಬಂದು ನೋಡಕ್ಕೆ ಹೇಳಿ," ಎಂದಳು. ಅವಳ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಸೊಸೆ ಎಂಬ ಕಾರಣಕ್ಕೆ ಒಪ್ಪಲಿಲ್ಲ.

ತೊಂದರೆ ಎಂದರೆ, ಇದೆಲ್ಲ ನನಗೆ ಅಂಟುತ್ತಿತ್ತು, ಅಂಟಬೇಕಾದವಳಿಗೆ ಅಂಟುತ್ತಿರಲಿಲ್ಲ. ಬೆಳಿಗ್ಗೆ ‘ಪ್ರಿ’ ಎಂದರೆ ಏನೇ ಎಂದು ಕೇಳಿದರೆ ಜಡೆಯ ತುದಿ ಕಚ್ಚುವಳು. "ಮುಂಚೆ ಕಣೇ! ಸ್ಟೇಷನ್ ಹತ್ರ ಪ್ರಿಪೇಯ್ಡ್ ಆಟೋಗೆ ಮುಂಚೆನೇ ಕೊಟ್ಟು ಹತ್ತಲ್ವಾ?" ಎಂದರೆ, "ನಾವು ಯಾವತ್ತು ಆಟೋ ಹತ್ತಿದ್ದೀವಿ ಅಜ್ಜಿ?" ಎನ್ನುವಳು. ಕೊನೆಗೆ ನನಗೆ ಗೊತ್ತಿರುವ ಒಂದೇ ವಿದ್ಯೆಯಿಂದ ಕಲಿಸಲು ನಿಂತೆ. ಮಲ್ಲಿಗೆ ಕಟ್ಟುವಾಗ ಮೊದಲಿಗೆ ಒಂದು ಎಸಳು ಮರುಗ ಸೇರಿಸಿದರೆ ಮಾಲೆಗೆ ಒಂದು ಗುಣ, ದವನ ಸೇರಿಸಿದರೆ ಇನ್ನೊಂದು ಗುಣ. ಮಲ್ಲಿಗೆ ಅದೇ, ದಾರ ಅದೇ, ತಲೆಯಲ್ಲಿ ಕೂತದ್ದು ಬೇರೆ. ಪದವೂ ಹಾಗೆಯೇ. ಪೋರ್ಟ್ ಎಂದರೆ ಹೊರುವುದು. ತಲೆಯಲ್ಲಿ ಎಕ್ಸ್ ಕಟ್ಟಿದರೆ ಸಾಮಾನು ಹೊರಗೆ, ಇಂ ಕಟ್ಟಿದರೆ ಒಳಗೆ, ಟ್ರಾನ್ಸ್ ಕಟ್ಟಿದರೆ ಆಚೆ ಕಡೆಗೆ. "ಈಗ ತಿಳೀತಾ?" ಎಂದೆ. ಮೊದಲ ಸಲ ಅವಳ ಕಣ್ಣಿನಲ್ಲಿ ದೀಪ ಹತ್ತಿತು. ಹಳೆಯ ಕ್ಯಾಲೆಂಡರಿನ ಮಂದ ಕಾಗದವನ್ನು ಉದ್ದುದ್ದ ಚೀಟಿಯಾಗಿ ಕತ್ತರಿಸಿದೆವು. ಮಿಸ್ಸು ಹೇಳಿದ ಒಂದೊಂದು ತಲೆಯನ್ನೂ ಅರ್ಥವನ್ನೂ ಅವಳು ನೇರವಾಗಿ ಚೀಟಿಯ ಮೇಲೇ ಬರೆಯುವಳು. ನಾನು ಅದನ್ನು ಮಡಚಿ, ಎರಡು ಹೂವಿನ ನಡುವೆ ಇಟ್ಟು, ಬಾಳೆ ನಾರಿನಿಂದ ಬಿಗಿಯುವೆನು. ಕೆಳಗೆ ಎನ್ನುವ ತಲೆಗೆ ಕನಕಾಂಬರ, ಮೇಲೆ ಎನ್ನುವುದಕ್ಕೆ ಕಾಕಡ, ಹೊರಗೆ ಎನ್ನುವುದಕ್ಕೆ ಮರುಗ. ಅವಳು ಮಾಲೆಯನ್ನು ಕೈಯಲ್ಲಿ ಹಿಡಿದು, ಹೂವು ನೋಡಿ ಅರ್ಥ ಹೇಳಿ, ಆಮೇಲೆ ಚೀಟಿ ಬಿಡಿಸಿ ಸರಿಯೋ ತಪ್ಪೋ ನೋಡುವಳು. ಹೂವು ಬಾಡಿದಾಗ ಚೀಟಿಗಳನ್ನು ಹೊಸ ಹೂವಿಗೆ ಬದಲಾಯಿಸುತ್ತಿದ್ದೆ. ಮೂರು ವಾರದಲ್ಲಿ ಆರು ಮೊಳ ಲ್ಯಾಟಿನ್ ಆಯಿತು. ಮಿಸ್ಸು ನೋಡಿ ಎದೆಯ ಮೇಲೆ ಕೈಯಿಟ್ಟು, "ಥರ್ಟಿ ಇಯರ್ಸ್ ಪಾಠ ಮಾಡ್ದೆ ಮಾ, ನಂಗಿದು ಹೊಳೀಲೇ ಇಲ್ಲ!" ಎಂದರು. ಹೊಳೆಯುವುದು ಹೇಗೆ, ಅವರಿಗೆ ಹೂವು ಕಟ್ಟಲು ಬರುವುದಿಲ್ಲವಲ್ಲ.

ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ಕೆಡಿಸಿದವಳೂ ನಾನೇ. ಪರೀಕ್ಷೆ ಸೋಮವಾರ. ಅದರ ಹಿಂದಿನ ಶುಕ್ರವಾರ ಆಷಾಢದ ಮೊದಲ ಶುಕ್ರವಾರ. ಆ ದಿನ ಅಮ್ಮನವರ ಗುಡಿಯ ಮುಂದೆ ಹೂವಿಗೆ ಹೇಗೆ ಮುಗಿಬೀಳುತ್ತಾರೆ ಎಂದು ಹೂವಿನವರಿಗೇ ಗೊತ್ತು. ಲ್ಯಾಟಿನ್ ಮಾಲೆ ಒಣಗದಿರಲಿ ಎಂದು ಅದನ್ನೂ ಬೇರೆ ಮಾಲೆಗಳ ಜೊತೆ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದೆ. ನಾನು ಅಳೆಯುವಾಗ ಹೂವನ್ನು ನೋಡುವುದಿಲ್ಲ. ನನ್ನ ಕೈ ಅಳೆಯುತ್ತದೆ, ಬೆರಳು ಕತ್ತರಿಸುತ್ತದೆ, ಕಣ್ಣು ಮುಂದಿನ ಗಿರಾಕಿಯ ಮೇಲಿರುತ್ತದೆ. ಹಾಗೆ ನೋಡದೆ ಅಳೆಯುವುದು ನನ್ನ ಇಷ್ಟು ವರ್ಷದ ಹೆಗ್ಗಳಿಕೆ. ಅದೇ ಹೆಗ್ಗಳಿಕೆಯಿಂದ ಬೆಳಿಗ್ಗೆ ಏಳರಿಂದ ಎಂಟರೊಳಗೆ ಮೊಮ್ಮಗಳ ಭವಿಷ್ಯವನ್ನು ಮೊಳ ಮೊಳವಾಗಿ ಕತ್ತರಿಸಿ ಆರು ಜನಕ್ಕೆ ಮಾರಿದೆ.

ತಿಳಿದದ್ದು ಅರ್ಚಕರು ಗುಡಿಯ ಮೆಟ್ಟಿಲಿಳಿದು ನೇರ ನನ್ನ ಬುಟ್ಟಿಯ ಮುಂದೆ ಬಂದು ನಿಂತಾಗ. ಎರಡು ಬೆರಳ ನಡುವೆ ಒಂದು ಚೀಟಿ. "ಏನಮ್ಮಾ ಇದು? ಅಮ್ಮನೋರ ಕೊರಳಿಗೆ ಹಾಕ್ತಿದ್ದಂಗೆ ಉದುರ್ತು. ‘ಎಕ್ಸ್, ಹೊರಗೆ’ ಅಂತ ಬರ್ದಿದೆ. ಯಾರನ್ನ ಹೊರಗೆ ಕಳಿಸ್ಬೇಕು ಅಂತ ಹರಕೆ ನಿಂದು?"

"ನಿಮ್ಮನ್ನಲ್ಲ ಸ್ವಾಮಿ. ಅದು ಲ್ಯಾಟಿನ್ನು."

"ಅಮ್ಮನೋರಿಗೆ ಲ್ಯಾಟಿನ್ ಯಾಕಮ್ಮ?"

"ಅವ್ರಿಗೆ ಬೇಡ, ಅವ್ರಿಗೆ ಎಲ್ಲಾ ಬರುತ್ತೆ. ಬೇಕಾಗಿರೋದು ನನ್ ಮೊಮ್ಮಗಳಿಗೆ. ಮಿಕ್ಕಿದ್ದು ಉದುರಿದ್ರೆ ಗುಡಿಸ್ಬೇಡಿ, ಎತ್ತಿಡಿ," ಎಂದೆ. ಅವರು ಚೀಟಿಯನ್ನು ನನ್ನ ಬುಟ್ಟಿಗೆ ಹಾಕಿ ತಲೆ ಚಚ್ಚಿಕೊಂಡು ಹೋದರು. ಉಳಿದ ಮೊಳಗಳು ಎಲ್ಲೆಲ್ಲಿಗೆ ಹೋದವೋ. ಬ್ಯಾಂಕಿಗೆ ಹೋಗುವ ಒಬ್ಬ ಹೆಂಗಸು ಮಾತ್ರ ಸಂಜೆ ಬಂದು, "ಅಜ್ಜಿ, ನನ್ ಜಡೆಲಿ ಚೀಟಿ ಬಿಚ್ಕೊಂಡು ‘ಪೋಸ್ಟ್, ನಂತರ’ ಅಂತಿತ್ತಂತೆ. ಮಧ್ಯಾಹ್ನದವರೆಗೂ ಯಾರೂ ಹೇಳ್ಲೇ ಇಲ್ಲ, ಹಿಂದೆ ನಿಂತೋರೆಲ್ಲ ಓದಿ ಓದಿ ನಗ್ತಿದ್ರು," ಎಂದು ಒಂದು ಚೀಟಿ ವಾಪಸ್ಸು ಕೊಟ್ಟಳು. ಇಪ್ಪತ್ತಮೂರರಲ್ಲಿ ಎರಡು ಕೈಗೆ ಬಂದವು. ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ, ಎಲ್ಲ ಚೀಟಿಯ ಮೇಲೇ ಇದ್ದದ್ದು.

ಶ್ಯಾಮಲಾ ಗೋಡೆಗೆ ಒರಗಿ ಕುಸಿದಳು. "ಅಯ್ಯೋ ಅಜ್ಜಿ, ಈಗ ಏನ್ ಓದ್ಲಿ ನಾನು? ಮಿಸ್ಸು ಬೇರೆ ಮಗಳ ಮನೆಗೆ ಹೋಗಿದ್ದಾರೆ, ಭಾನುವಾರವೇ ಬರೋದು!" ರತ್ನ ಚಪ್ಪಲಿ ಬಿಡುತ್ತಾ, "ಒಳ್ಳೇದಾಯ್ತು ಬಿಡಿ ಅತ್ತೆ, ಅಮ್ಮನೋರಾದ್ರೂ ಪಾಸಾಗ್ಲಿ. ಇವಳಿಗೆ ನಾನು ಟಿಫನ್ ಡಬ್ಬಿ ತೊಳ್ದಿಡ್ತೀನಿ, ಒಂದನೇ ತಾರೀಖಿಂದ ಬೇಕಾಗುತ್ತೆ," ಎಂದಳು. ಆ ಮಾತು ನನಗೆ ನಾಟಿತು. ತಪ್ಪು ಮಾಡಿದವಳು ನಾನು, ಬಸ್ಸು ಹತ್ತಬೇಕಾದವಳು ಹುಡುಗಿ. ನಾನು ಕ್ಷಮೆ ಕೇಳುವ ಜಾತಿಯವಳಲ್ಲ, ಈ ವಯಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳುವುದೂ ಕಷ್ಟ. "ಪೆನ್ನು ತಗೋ," ಎಂದೆ.

ಖಾಲಿ ನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂತೆ. ಹೂವು ಇಲ್ಲದಿದ್ದರೂ ಕೈ ಗಂಟು ಹಾಕುತ್ತಾ ಹೋಯಿತು, ಗಂಟಿಗೊಂದರಂತೆ ಬಾಯಿಗೆ ಬಂತು. ಕನಕಾಂಬರ ಎಂದರೆ ಸಬ್, ಕೆಳಗೆ. ಕಾಕಡ ಎಂದರೆ ಸೂಪರ್, ಮೇಲೆ. ರೀ ಎಂದರೆ ಮತ್ತೆ ಅಥವಾ ಹಿಂದಕ್ಕೆ, ರಿಟರ್ನು, ರಿವರ್ಸು. ಪ್ರೊ ಎಂದರೆ ಮುಂದಕ್ಕೆ, ಪ್ರಮೋಷನ್ನು. ಡಿಸ್ ಎಂದರೆ ಬೇರೆಯಾಗಿ, ಡಿಸ್‌ಕೌಂಟು. ಇನ್ ಎಂಬುದು ಬಲು ಚಾಲಾಕಿ, ಒಂದು ಮನೆಯಲ್ಲಿ ಒಳಗೆ ಎನ್ನುತ್ತದೆ, ಇನ್ನೊಂದು ಮನೆಯಲ್ಲಿ ಅಲ್ಲ ಎನ್ನುತ್ತದೆ. ನಾನು ಹೇಳಿದೆ, ಅವಳು ಬರೆದಳು. ರತ್ನ ಸಾರಿಗೆ ಒಗ್ಗರಣೆ ಹಾಕುವುದನ್ನು ಬಿಟ್ಟು ಬಾಗಿಲಲ್ಲಿ ನಿಂತಳು. ಸಪ್ಲಿಮೆಂಟರಿಯ ಸರದಿ ಬಂದಾಗ ಬೇಕೆಂದೇ ಧ್ವನಿ ಏರಿಸಿದೆ. "ಅದ್ರ ತಲೆಲಿರೋದೂ ಸಬ್ಬೇ, ಪ ಕಾರದ ಪಕ್ಕ ಕೂತು ಸಪ್ ಆಗಿದೆ. ಕೆಳಗಿಂದ ತುಂಬಿಸೋದು ಅಂತ ಅರ್ಥ. ಫೇಲಾದೋರ ಪರೀಕ್ಷೆ ಅಲ್ಲ ಅದು, ಕಮ್ಮಿ ಬಿದ್ದಿದ್ದನ್ನ ತುಂಬಿಸೋ ಪರೀಕ್ಷೆ. ಕೇಳಿಸ್ತೇನೇ ರತ್ನಾ?"

"ಕೇಳಿಸ್ತು. ಸಾಸಿವೆ ಸೀದೋಯ್ತು," ಎಂದಳು.

ಸುಳ್ಳೇಕೆ, ಆ ಸಂಜೆ ನನಗೇ ನನ್ನನ್ನು ಕಂಡು ಭಯಭಕ್ತಿ ಹುಟ್ಟಿತು. ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ, ನನ್ನ ಬಾಯಿಂದ ಇಂಗ್ಲಿಷ್ ಡಿಕ್ಟೇಷನ್ ನಡೆಯಿತು. ಭಾನುವಾರ ಚರ್ಚು ಮುಗಿಸಿ ಬಂದ ಮಿಸ್ಸು ಕನ್ನಡಕ ಏರಿಸಿ ಪಟ್ಟಿಯನ್ನೆಲ್ಲ ನೋಡಿದರು. ಒಂದೇ ಒಂದು ತಪ್ಪು. ನಾನು ಸ್ವಂತ ಉತ್ಸಾಹದಿಂದ, ವಿರುದ್ಧ ಎಂಬ ಅರ್ಥದ ‘ಆಂಟಿ’ ಎಂಬುದನ್ನೂ ಇಪ್ಪತ್ನಾಲ್ಕನೆಯದಾಗಿ ಸೇರಿಸಿದ್ದೆ. "ಅದು ಗ್ರೀಕ್ ಮಾ, ಲ್ಯಾಟಿನ್ ಅಲ್ಲ," ಎಂದರು. "ಪಕ್ಕದ ಬೀದಿದೇ ತಾನೇ, ಇರ್ಲಿ ಬಿಡಿ," ಎಂದೆ. ಅವರು ಬಿಡಲಿಲ್ಲ, ಹೊಡೆದು ಹಾಕಿದರು. ಮಿಸ್ಸು ಆ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೊರಡುವಾಗ ಹುಡುಗಿಯ ಬೆನ್ನು ತಟ್ಟಿ, ಎಕ್ಸಾಮ್ ಎಂಬುದರ ತಲೆಯಲ್ಲೂ ಎಕ್ಸ್ ಇದೆ, ಹಿಂದೆ ಅದು ತಕ್ಕಡಿಯ ಮುಳ್ಳಿಗಿದ್ದ ಹೆಸರು ಎಂದರು. ಶ್ಯಾಮಲಾಳ ಮುಖ ಬಿಳುಚಿತು. "ಹೆದರ್ಬೇಡ, ತಕ್ಕಡಿ ಮುಳ್ಳನ್ನ ಹೆಂಗೆ ನಿಲ್ಲಿಸ್ಬೇಕು ಅಂತ ಮಾರ್ಕೆಟ್ನೋರಿಗೆ ಗೊತ್ತಿರುತ್ತೆ," ಎಂದೆ. ಮಿಸ್ಸು ನನ್ನನ್ನು ದುರುಗುಟ್ಟಿ ನೋಡಿದರು.

ಸೋಮವಾರ ಪರೀಕ್ಷೆ ಆಯಿತು. ಫಲಿತಾಂಶದ ದಿನ ನಾನು ಕಟ್ಟಿದ ಮಾಲೆ ಯಾವುದೂ ನೆಟ್ಟಗಾಗಲಿಲ್ಲ, ಗಂಟು ಒಂದು ಕಡೆ ಬಿಗಿ ಒಂದು ಕಡೆ ಸಡಿಲ. ಹನ್ನೊಂದು ಗಂಟೆಗೆ ಸೈಬರ್ ಸೆಂಟರ್ ಕಡೆಯಿಂದ ಶ್ಯಾಮಲಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದಳು. "ಅಜ್ಜೀ, ಪಾಸು! ನಲವತ್ತೊಂದು!" ನಾನು ಎದ್ದು ನಿಂತು ಇಡೀ ಸಾಲಿಗೆ ಕೇಳುವಂತೆ, "ನಲವತ್ತೊಂದ್ರಲ್ಲಿ ಇಪ್ಪತ್ತಮೂರು ನಂದು," ಎಂದು ಸಾರಿದೆ. ಪಕ್ಕದ ಬುಟ್ಟಿಯವಳು ಹೊಟ್ಟೆಕಿಚ್ಚಿಗೆ ನೀರು ಕುಡಿದಳು. ಸಂಜೆ ರತ್ನ ಬಂದಳು, ಸುದ್ದಿ ಕೇಳಿದಳು, ಮಗಳ ಕೆನ್ನೆ ಒಮ್ಮೆ ಹಿಂಡಿದಳು. ಆಮೇಲೆ, "ಈಗ ಸೂಪರ್‌ವೈಸರ್‌ಗೆ ಏನ್ ಹೇಳ್ಲಿ?" ಎಂದಳು. "ಸೂಪರ್ ಅಂದ್ರೆ ಮೇಲೆ, ವೈಸರ್ ಅಂದ್ರೆ ನೋಡೋನು. ಮೇಲಿಂದ ಬೇರೆ ಯಾರನ್ನಾದ್ರೂ ನೋಡ್ಕೊಳಕ್ಕೆ ಹೇಳು," ಎಂದೆ. ರತ್ನ ನಕ್ಕಳು. ನನ್ನ ಮಾತಿಗೆ ಅವಳು ನಕ್ಕದ್ದು ಮದುವೆಯಾಗಿ ಬಂದ ಮೇಲೆ ಅದು ಎರಡನೆಯ ಸಲವೋ ಮೂರನೆಯ ಸಲವೋ.

ಊಟಕ್ಕೆ ಕೂತಾಗ, ಹೊಗಳಿಕೆ ಇನ್ನೊಂದು ತುತ್ತು ಸಿಗಲಿ ಎಂದು ಶ್ಯಾಮಲಾಳನ್ನು ಕೇಳಿದೆ. "ಅದು ಸರಿ, ನಮ್ ತಲೆಗಳ ಪ್ರಶ್ನೆ ಎಷ್ಟು ಮಾರ್ಕಿಗಿತ್ತು?"

"ಎರಡು."

"ಇಪ್ಪತ್ತೆರಡಾ?"

"ಎರಡೇ ಅಜ್ಜಿ. ಅದ್ರಲ್ಲೂ ಒಂದು ಗಾಬರೀಲಿ ತಪ್ಪಾಯ್ತು."

ನನ್ನ ಕೈ ತಟ್ಟೆಯಲ್ಲೇ ನಿಂತಿತು. "ಮಿಕ್ಕಿದ್ದೆಲ್ಲ ಎಲ್ಲಿಂದ ಬಂತು?"

"ದೊಡ್ಡ ಪದ ಬಂದ್ರೆ ಈಗ ಭಯ ಆಗಲ್ಲ, ಅದ್ಕೆ ಕೊಟ್ಟಿದ್ದನ್ನ ಓದಿ ಉತ್ತರ ಬರ್ದೆ. ಆಮೇಲೆ ಪ್ರಬಂಧ ಇತ್ತಲ್ಲ, ನಿಮಗೆ ಗೊತ್ತಿರೋ ಒಬ್ರು ಹಿರಿಯರ ಬಗ್ಗೆ ಬರೀರಿ ಅಂತ. ಒಂದೂವರೆ ಪೇಜು ಬರ್ದೆ!"

ನಾನು ಸೆರಗು ಸರಿಮಾಡಿಕೊಂಡೆ. ಗೋಡೆಗೆ ಒರಗಿದ್ದವಳು ನೆಟ್ಟಗಾದೆ. "ಏನಂತ ಬರ್ದೆ?"

"ಡೊರೀನ್ ಮಿಸ್ ಬಗ್ಗೆ ಬರ್ದೆ," ಎಂದಳು ಆ ಕತ್ತೆ. ನನ್ನ ಮುಖ ನೋಡಿ, "ಮೊದ್ಲು ನಿನ್ ಬಗ್ಗೇನೇ ಶುರು ಮಾಡ್ದೆ ಅಜ್ಜಿ, ದೇವ್ರಾಣೆ. ಎರಡು ಲೈನ್ ಬರ್ದೆ. ಆಮೇಲೆ ನೀನು ಬೈಯೋದನ್ನ ಬರೀಬೇಕಲ್ಲ, ಅದನ್ನ ಬಿಟ್ರೆ ನೀನು ಅಂತ ಹೆಂಗೆ ಗೊತ್ತಾಗುತ್ತೆ? ಅದಕ್ಕೆಲ್ಲ ಇಂಗ್ಲಿಷ್ ಬರ್ಲಿಲ್ಲ. ಹೊಡೆದು ಹಾಕ್ದೆ," ಎಂದಳು. ರತ್ನ ಅಡುಗೆಮನೆಯೊಳಗೆ ಹೋಗಿ ನಗುವಷ್ಟು ಮರ್ಯಾದೆ ತೋರಿಸಿದಳು.

ಯೋಚಿಸಿ ನೋಡಿದರೆ ಕೊರತೆ ನನ್ನದೇ. ಇಪ್ಪತ್ತಮೂರು ತಲೆ ಕೊಟ್ಟವಳು ಒಂದು ಬೈಗುಳ ಕೊಡಲಿಲ್ಲ. ಮರುದಿನವೇ ಕಾಕ್ಸ್ ಟೌನಿಗೆ ನಡೆದು, ಇಂಗ್ಲಿಷಿನಲ್ಲಿ ಚೆನ್ನಾಗಿ ಬೈಯಬೇಕಾದರೆ ಏನೆನ್ನಬೇಕು ಎಂದು ಮಿಸ್ಸನ್ನು ಕೇಳಿದೆ. ಅವರು ಬೀದಿಯ ಆಚೆ ಈಚೆ ನೋಡಿ, ಗೇಟು ಹಾಕಿ, ನನ್ನ ಕಿವಿಯ ಬಳಿ ಬಗ್ಗಿ ಮೂರು ಹೇಳಿದರು. ಒಂದಕ್ಕೂ ಲ್ಯಾಟಿನ್ ತಲೆ ಇಲ್ಲವಂತೆ, ಮೂರೂ ಅಪ್ಪಟ ಇಂಗ್ಲಿಷಿನವೇ ಅಂತೆ. ಮೂರನ್ನೂ ಒಂದೇ ಸಲಕ್ಕೆ ಕಲಿತು ಬಂದೆ, ಈ ವಯಸ್ಸಿನಲ್ಲಿ ನನ್ನ ಬುದ್ಧಿ ಹೇಗಿದೆ ನೋಡಿ. ಅಂದಿನಿಂದ ಬುಟ್ಟಿಯ ಹಿಂದೆ ಸಿದ್ಧವಾಗಿ ಕೂತಿದ್ದೇನೆ. ಇಂಗ್ಲಿಷ್ ಬಲ್ಲವರು ದಿನವೂ ಹತ್ತಾರು ಜನ ಬರುತ್ತಾರೆ. ಹಾಳಾದವರು ಒಬ್ಬರೂ ಜಗಳ ತೆಗೆಯುವುದಿಲ್ಲ, ಹೂವು ತೆಗೆದುಕೊಂಡು ಥ್ಯಾಂಕ್ಯೂ ಎಂದು ಹೋಗಿಬಿಡುತ್ತಾರೆ.